ಕಲ್ಲು ನಿಂತ ಜಾಗ

ನನ್ನ ತವರೂರು ಭರಮಸಾಗರದ ಕಡೆಯ ಒಂದು ಸಣ್ಣ ಹಳ್ಳಿ. ಅಲ್ಲಿ ಊರಬಾಗಿಲಿನ ಹತ್ತಿರ, ಬೇವಿನ ಮರದ ಕೆಳಗೆ, ಒಂದು ಕೈಪಂಪು ಇತ್ತು. ನಮ್ಮ ಕಡೆ ಅದಕ್ಕೆ ಬೋರಿಂಗು ಎಂದೇ ಹೆಸರು. 2012ರ ಬೇಸಿಗೆಯಲ್ಲಿ ಹೊಸದಾಗಿ ಕೊಂಡ ಕ್ಯಾಮೆರಾ ಹಿಡಿದುಕೊಂಡು ಊರಿಗೆ ಹೋದಾಗ, ಆ ಬೋರಿಂಗಿನ ಮೂತಿಯನ್ನು, ಅದರ ತುದಿಯಲ್ಲಿ ತೂಗುತ್ತಿದ್ದ ಒಂದೇ ಒಂದು ನೀರಿನ ಹನಿಯನ್ನು, ಹನಿಯೊಳಗೆ ಮಿನುಗುತ್ತಿದ್ದ ಬೆಳಗಿನ ಬಿಸಿಲನ್ನು ಬಹಳ ಹೊತ್ತು ಕಾದು ತೆಗೆದೆ. ಚಿತ್ರ ಚೆನ್ನಾಗಿಯೇ ಬಂತು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿದೆವು. ಆರೇಳು ವರ್ಷ ಕಳೆದ ಮೇಲೆ ಊರಿನ ರಸ್ತೆಯನ್ನು ಅಗಲ ಮಾಡಿದರು. ಬೋರಿಂಗು, ಅದರ ಕಟ್ಟೆ, ಪಕ್ಕದಲ್ಲಿದ್ದ ದನಗಳ ಕಲ್ಲುಬಾನಿ, ಬೇವಿನ ಮರ, ಎಲ್ಲವೂ ಒಂದೇ ವಾರದಲ್ಲಿ ಹೋದವು. ಆ ವರ್ಷ ದೀಪಾವಳಿಗೆ ನಮ್ಮ ಮನೆಗೆ ಬಂದ ಅವ್ವ ಗೋಡೆಯ ಮುಂದೆ ನಿಂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಚಿತ್ರವನ್ನು ಹತ್ತಿರದಿಂದಲೂ ದೂರದಿಂದಲೂ ನೋಡಿ, "ಇದ್ರಾಗೆ ನಮ್ಮೂರು ಎಲ್ಲೈತೆ?" ಎಂದು ಕೇಳಿದಳು.

ಅವಳಿಗೆ ತೋರಿಸಲು ನನ್ನ ಹತ್ತಿರ ಇನ್ನೊಂದು ಚಿತ್ರ ಇರಲಿಲ್ಲ. ಹನಿ ಇತ್ತು, ಬಿಸಿಲು ಇತ್ತು. ನಲವತ್ತು ವರ್ಷ ಅವಳು ಕೊಡ ಇಟ್ಟು ಸರದಿಗೆ ಕಾದ ಕಟ್ಟೆ ಇರಲಿಲ್ಲ. ಆ ಮೂತಿ ಯಾವ ಊರಿನದಾದರೂ ಆಗಬಹುದಿತ್ತು. ಈ ಬೋರಿಂಗುಗಳೆಲ್ಲ ಒಂದೇ ಅಚ್ಚಿನವು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪಿಸಿದ ಇಂಡಿಯಾ ಮಾರ್ಕ್ 2 ಎಂಬ ಮಾದರಿ ಅದು. ಗಟ್ಟಿ ಬಂಡೆಯ ಆಳದಿಂದ ನೀರೆತ್ತಬೇಕಾದ ನಮ್ಮಂಥ ಬಯಲುಸೀಮೆಗೆ ಹೇಳಿ ಮಾಡಿಸಿದ ಯಂತ್ರ. ಹಿಡಿಕೆಯನ್ನು ಕೆಳಗೆ ಒತ್ತಿದಾಗ ತಲೆಪೆಟ್ಟಿಗೆಯೊಳಗಿನ ಚೈನು ಎಳೆದು, ಕೊಳವೆಯೊಳಗೆ ಇಳಿಬಿಟ್ಟ ಕಬ್ಬಿಣದ ಸರಳುಗಳನ್ನು ಮೇಲೆತ್ತುತ್ತದೆ. ಸಾವಿರಾರು ಊರುಗಳಲ್ಲಿ ಒಂದೇ ರೀತಿ ಇರುವ ವಸ್ತುವಿಗೆ ತನ್ನದೇ ಆದ ಗುರುತು ಬರುವುದು ಅದು ನಿಂತ ಜಾಗದಿಂದ. ಯಾರ ಮನೆಯ ಎದುರಿಗಿತ್ತು, ನೀರು ಯಾವ ಕಡೆಗೆ ಹರಿದು ಹೋಗುತ್ತಿತ್ತು, ಎಡಗೈಯಲ್ಲಿ ಜಗ್ಗಬೇಕಿತ್ತೋ ಬಲಗೈಯಲ್ಲೋ ಎಂಬುದೆಲ್ಲ ಸೇರಿದರೆ ಮಾತ್ರ ಅದು ನಮ್ಮೂರ ಬೋರಿಂಗು ಆಗುತ್ತದೆ. ದಿನವೂ ಕಣ್ಣಿಗೆ ಬೀಳುವ ವಸ್ತುಗಳ ಚಿತ್ರ ತೆಗೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಅವ್ವನ ಆ ಪ್ರಶ್ನೆಯಾದ ಮೇಲೆ ಅದರ ಕ್ರಮ ಬದಲಾಯಿತು.

ಹಳ್ಳಿಗಳ ಸಹಕಾರ ಸಂಘಗಳ ಲೆಕ್ಕಪತ್ರ ನೋಡುವುದು ನನ್ನ ಉದ್ಯೋಗ. ವಾರದಲ್ಲಿ ಮೂರು ದಿನವಾದರೂ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಯಾವುದಾದರೂ ಊರಿಗೆ ಬಸ್ಸಿನಲ್ಲಿ ಹೋಗಿ, ಇಳಿದು, ಒಂದಷ್ಟು ದೂರ ನಡೆಯುತ್ತೇನೆ. ಆ ನಡಿಗೆಯಲ್ಲಿ ಎದುರಾಗುವ ಕಿಲೋಮೀಟರ್ ಕಲ್ಲು, ಅಂಚೆ ಡಬ್ಬಿ, ನೀರಿನ ಟ್ಯಾಂಕು, ಶಾಲೆಯ ಅಡಿಗಲ್ಲು, ಬಸ್ ತಂಗುದಾಣ, ಅರಳಿಕಟ್ಟೆ, ವೀರಗಲ್ಲು, ಇವುಗಳ ಚಿತ್ರವನ್ನು ಈಗ ಒಂದೊಂದಕ್ಕೆ ಕನಿಷ್ಠ ಮೂರರಂತೆ ತೆಗೆಯುತ್ತೇನೆ. ಮೊದಲನೆಯದು ಐವತ್ತು ಹೆಜ್ಜೆ ಹಿಂದೆ ಹೋಗಿ, ಅಕ್ಕಪಕ್ಕದ ಮನೆ, ಮರ, ಗುಡ್ಡ ಕಾಣುವಂತೆ. ಎರಡನೆಯದು ವಸ್ತು ಪೂರ್ತಿ ಕಾಣುವಂತೆ, ಬುಡ ನೆಲಕ್ಕೆ ತಾಗಿರುವ ಜಾಗವೂ ಸೇರಿ. ಮೂರನೆಯದು ಅಕ್ಷರ, ಸವೆತ, ಬಣ್ಣದ ಪದರ ಕಾಣುವಷ್ಟು ಹತ್ತಿರದಿಂದ. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡುತ್ತೇನೆ. ಆಮೇಲೆ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಊರು, ವಸ್ತು ಯಾವ ದಿಕ್ಕಿಗೆ ಮುಖ ಮಾಡಿದೆ, ಎಡಕ್ಕೇನಿದೆ, ಬಲಕ್ಕೇನಿದೆ ಎಂದು ಬರೆದುಕೊಳ್ಳುತ್ತೇನೆ.

ಈ ಎಲ್ಲದರಲ್ಲಿ ನನಗೆ ಹೆಚ್ಚು ಕಲಿಸಿದ್ದು ರಸ್ತೆಯ ಕಲ್ಲುಗಳು. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು ಎಂಬುದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಗೊತ್ತು. ಐದು ಕಿಲೋಮೀಟರಿಗೊಂದು ಕಲ್ಲು ಉಳಿದವುಗಳಿಗಿಂತ ದೊಡ್ಡದಾಗಿರುತ್ತದೆ ಎಂಬುದನ್ನು ನಾನು ಗಮನಿಸಿದ್ದು ಚಿತ್ರಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ. ನಡುವೆ ಇನ್ನೂರು ಮೀಟರಿಗೊಂದರಂತೆ ಬರುವ ಗಿಡ್ಡ ಕಲ್ಲುಗಳನ್ನು ನಮ್ಮ ಹಿರಿಯರು ಇಂದಿಗೂ ಫರ್ಲಾಂಗು ಕಲ್ಲು ಎನ್ನುತ್ತಾರೆ. ಅದು ತಪ್ಪೂ ಅಲ್ಲ, ಏಕೆಂದರೆ ಮೈಲಿಯ ಎಂಟನೇ ಒಂದು ಭಾಗವಾದ ಫರ್ಲಾಂಗು ಸುಮಾರು 201 ಮೀಟರು. ಮೆಟ್ರಿಕ್ ಅಳತೆ ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದ್ದರೂ ಕಿಲೋಮೀಟರಿನ ಕಲ್ಲಿಗೆ ನಾವು ಮೈಲಿಗಲ್ಲು ಎಂದೇ ಹೇಳುತ್ತೇವೆ. ಆ ಪದವನ್ನು ಬಿಡಬೇಕೆಂದು ನನಗೇನೂ ಅನ್ನಿಸುವುದಿಲ್ಲ.

ದಾವಣಗೆರೆಯಿಂದ ಆನಗೋಡು, ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಗೆ ಇಂದು 48 ಎಂಬ ಸಂಖ್ಯೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಡುವವರೆಗೆ ಅದು 4 ಆಗಿತ್ತು, ಜನರ ಬಾಯಲ್ಲಿ ಇನ್ನೂ ಎನ್‌ಎಚ್ ಫೋರ್ ಆಗಿಯೇ ಉಳಿದಿದೆ. ಅದಕ್ಕೂ ಹಿಂದಿನ ಹೆಸರು ದಾವಣಗೆರೆ ಪೇಟೆಯ ನಡುವೆ ಉಳಿದುಕೊಂಡಿದೆ: ಪಿ.ಬಿ. ರಸ್ತೆ, ಅಂದರೆ ಪೂನಾ-ಬೆಂಗಳೂರು ರಸ್ತೆ. ಪುಣೆಗೆ ಹೋಗುವ ಗಾಡಿಗಳೆಲ್ಲ ಇಂದು ಊರ ಹೊರಗಿನಿಂದಲೇ ಹಾದುಹೋಗುತ್ತವೆ, ಆದರೆ ಅಂಗಡಿಗಳ ಬೋರ್ಡುಗಳ ಮೇಲೆ ಆ ಎರಡು ಅಕ್ಷರಗಳು ಉಳಿದಿರುವುದರಿಂದ ಹಳೆಯ ದಾರಿ ಎಲ್ಲಿ ಹಾದಿತ್ತು ಎಂಬುದನ್ನು ಇಂದಿಗೂ ಹೆಜ್ಜೆಹೆಜ್ಜೆಗೆ ಗುರುತಿಸಬಹುದು. ಹಾಗಾಗಿ ಆ ರಸ್ತೆಯ ಬೋರ್ಡುಗಳನ್ನು ತೆಗೆಯುವಾಗ ಅಂಗಡಿಯ ಹೆಸರಿಗಿಂತ ಕೆಳಗೆ ಸಣ್ಣದಾಗಿ ಬರೆದ ವಿಳಾಸದ ಸಾಲು ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳುತ್ತೇನೆ.

ಹೆದ್ದಾರಿಯಿಂದ ಒಳಗೆ ಹೋಗುವ ಒಂದು ಕವಲು ರಸ್ತೆಯಲ್ಲಿ "ಭರಮಸಾಗರ ೪" ಎಂದು ಕನ್ನಡ ಅಂಕಿಯಲ್ಲೇ ಬರೆದ ಒಂದು ಹಳೆಯ ಕಲ್ಲಿದೆ. ಸುಣ್ಣ ಬಳಿದು ಬಳಿದು ಅದರ ಅಂಚುಗಳು ಗುಂಡಗಾಗಿವೆ. ಒಂದು ಮೂಲೆಯಲ್ಲಿ ಸುಣ್ಣ ಎದ್ದುಬಂದ ಕಡೆ ಉಗುರಿನಷ್ಟು ದಪ್ಪದ ಪದರ ಕಾಣುತ್ತದೆ, ಬಿಳಿ, ಮಾಸಲು ಬಿಳಿ, ನಡುವೆ ಒಂದು ನೀಲಿ ಗೆರೆ, ಮತ್ತೆ ಬಿಳಿ. ನಾನು ಮಂಡಿಯೂರಿ ಆ ಪದರದ ಚಿತ್ರ ತೆಗೆಯುತ್ತಿದ್ದಾಗ ಎದುರಿನ ಹೊಲದಿಂದ ಹಿರಿಯರೊಬ್ಬರು ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

"ಏನ್ ಮೇಡಂ, ಸರ್ವೆಗೆ ಬಂದೀರಾ? ಈ ಸಲ ಎಷ್ಟು ಮೀಟರು ಒಳಗೆ ಬರ್ತಾರೆ?" ಎಂದು ಕೇಳಿದರು.

ಈ ಪ್ರಶ್ನೆ ಹತ್ತಾರು ಊರುಗಳಲ್ಲಿ ನನಗೆ ಎದುರಾಗಿದೆ. ರಸ್ತೆ ಬದಿಯ ಕಲ್ಲನ್ನು ಯಾರಾದರೂ ಬಗ್ಗಿ ನೋಡಿದರೆ ತಮ್ಮ ಹೊಲದ ಅಂಚು ಹೋಗುತ್ತದೆ ಎಂಬ ಭಯ ನಮ್ಮ ರೈತರಿಗೆ ಬಂದಿರುವುದು ಅನುಭವದಿಂದ. ಆದ್ದರಿಂದ ಕ್ಯಾಮೆರಾ ಹೊರತೆಗೆಯುವ ಮೊದಲೇ ಹತ್ತಿರದಲ್ಲಿ ಕಂಡವರಿಗೆ ನಾನು ಯಾರು, ಏಕೆ ತೆಗೆಯುತ್ತಿದ್ದೇನೆ ಎಂದು ಹೇಳಿಬಿಡಬೇಕು. ಅಂದು ಹೇಳಿರಲಿಲ್ಲ. "ಇಲ್ಲ ಯಜಮಾನ್ರೆ, ನಾನು ಸರ್ವೆಯೋಳಲ್ಲ. ಹಳೇ ಕಲ್ಲುಗಳ ಫೋಟೊ ತೆಗೆದಿಡ್ತೀನಿ ಅಷ್ಟೆ" ಎಂದೆ. ಅವರು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ತೆಗೆದಿದ್ದ ಬೇರೆ ಊರುಗಳ ಕಲ್ಲುಗಳನ್ನು ಫೋನಿನಲ್ಲಿ ತೋರಿಸಿದ ಮೇಲೆ ಅವರೇ ಕಲ್ಲಿನ ಮೇಲೆ ಕೈಯಿಟ್ಟು ಕೂತು, ತಮ್ಮ ತಂದೆ ರಸ್ತೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದುದನ್ನು, ಜಾತ್ರೆಗೆ ಮುಂಚೆ ಸುಣ್ಣದ ಬಕೆಟ್ಟು ಹಿಡಿದು ಕಲ್ಲಿನಿಂದ ಕಲ್ಲಿಗೆ ಹೋಗುತ್ತಿದ್ದುದನ್ನು ಹೇಳಿದರು. ಹೊರಡುವಾಗ ಒಂದು ಮಾತು ಸೇರಿಸಿದರು: "ಈ ಕಲ್ಲು ಇಲ್ಲಿದ್ದಲ್ಲ ಕಣವ್ವ. ಅಕಾ, ಆ ಹುಣಸೆಮರದ ಆಚೆ ಇತ್ತು. ಬಸ್ಸಿಗೆ ಕಾಯೋರಿಗೆ ಕೂರಾಕೆ ಆಗ್ಲಿ ಅಂತ ನಾವೇ ಹುಡುಗ್ರು ಉರುಳಿಸ್ಕಂಡು ಬಂದಿದ್ವಿ."

ಹುಣಸೆಮರ ಅಲ್ಲಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಅಂದರೆ ಕಲ್ಲು ಹೇಳುತ್ತಿದ್ದ ನಾಲ್ಕು ಆ ಜಾಗಕ್ಕೆ ಸುಳ್ಳು, ಮರದ ಆಚೆಯ ಜಾಗಕ್ಕೆ ನಿಜ. ದಾರಿಹೋಕರಿಗೆ ದೂರ ಹೇಳಲೆಂದು ನೆಟ್ಟ ಕಲ್ಲು ಸ್ಥಳ ಬದಲಿಸಿದ ಕೂಡಲೇ ಕೂರುವ ಕಲ್ಲಾಗಿ ಬೇರೊಂದು ಬಾಳು ಬಾಳಿದೆ. ಅದರ ಮೇಲ್ತುದಿ ನುಣುಪಾಗಿರುವುದು ಸುಣ್ಣದಿಂದಲ್ಲ, ಕೂತವರಿಂದ. ಆ ಹಿರಿಯರು ಬಾರದೇ ಹೋಗಿದ್ದರೆ ನನ್ನ ಮೂರೂ ಚಿತ್ರಗಳು ಚೊಕ್ಕವಾಗಿ ಬಂದು ತಪ್ಪು ದಾಖಲೆಯಾಗುತ್ತಿದ್ದವು. ಅಂದಿನಿಂದ ನೋಟ್‌ಬುಕ್ಕಿನಲ್ಲಿ "ಹೇಳಿದವರು" ಎಂಬ ಒಂದು ಅಂಕಣವನ್ನು ಸೇರಿಸಿದ್ದೇನೆ. ಹೆಸರು ಬರೆಯುವುದಿಲ್ಲ, ಎದುರು ಹೊಲದ ಹಿರಿಯರು, ಕಿರಾಣಿ ಅಂಗಡಿಯ ಅಕ್ಕ ಎಂದಷ್ಟೇ ಬರೆಯುತ್ತೇನೆ.

ಶಾಲೆ, ಆಸ್ಪತ್ರೆ, ಪಂಚಾಯಿತಿ ಕಟ್ಟಡಗಳ ಅಡಿಗಲ್ಲುಗಳನ್ನು ತೆಗೆಯುವವರಿಗೆ ನಮ್ಮ ಭಾಗದಲ್ಲಿ ಒಂದು ಅನುಕೂಲವಿದೆ. ತಾರೀಖು ಅಳಿಸಿದ್ದರೂ ಉಳಿದ ಅಕ್ಷರಗಳಿಂದ ಕಾಲವನ್ನು ಅಂದಾಜು ಮಾಡಬಹುದು. "ಮೈಸೂರು ಸರ್ಕಾರ" ಎಂದಿದ್ದರೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ 1973ರ ನವೆಂಬರಿಗಿಂತ ಹಿಂದಿನದು. "ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ" ಎಂದಿದ್ದರೆ 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವುದಕ್ಕಿಂತ ಮುಂಚಿನದು. ಅಂಗಡಿಯ ಬೋರ್ಡಿನಲ್ಲಿ 577 ಎಂದು ಶುರುವಾಗುವ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟಿನ ಈಚಿನದು. ಮೊಬೈಲ್ ಸಂಖ್ಯೆಯೇ ಇಲ್ಲದೆ ದಾವಣಗೆರೆಯ 08192, ಚಿತ್ರದುರ್ಗದ 08194 ಎಂಬ ಎಸ್‌ಟಿಡಿ ಕೋಡು ಮಾತ್ರ ಇದ್ದರೆ ಮೊಬೈಲು ಮನೆಮನೆಗೆ ಬರುವ ಮೊದಲಿನದು. ಹೊಸ ಬಣ್ಣ ಹೊಡೆಯುವಾಗ ಪೇಂಟರುಗಳು ಹೀಗಿರುವ ಸಾಲುಗಳನ್ನೇ ಮೊದಲು ಅಳಿಸುತ್ತಾರೆ, ಏಕೆಂದರೆ ಅವು ಹಳತಾದ ಮಾಹಿತಿ. ಚಿತ್ರ ತೆಗೆಯುವವರಿಗೆ ಬೇಕಾಗಿರುವುದು ಅದೇ ಸಾಲು.

ಚಿತ್ರದುರ್ಗಕ್ಕೆ ಬಂದವರೆಲ್ಲ ಏಳು ಸುತ್ತಿನ ಕೋಟೆಯನ್ನು, ಓಬವ್ವನ ಕಿಂಡಿಯನ್ನು, ಉಯ್ಯಾಲೆ ಕಂಬವನ್ನು ತೆಗೆಯುತ್ತಾರೆ. ತೆಗೆಯಬೇಕಾದವೇ ಅವು, ಅವುಗಳ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ. ನಾನು ಹೆಚ್ಚು ಹೊತ್ತು ಕಳೆಯುವುದು ಕೋಟೆಯ ಕೆಳಗೆ, ಊರಿನೊಳಗೇ ಸೇರಿಹೋಗಿರುವ ಕೋಟೆಯ ತುಣುಕುಗಳ ಹತ್ತಿರ. ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಬುರುಜನಹಟ್ಟಿ ಎಂಬ ಹೆಸರುಗಳು ಆಟೋದವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತವೆ, ಬಾಗಿಲು ಯಾವುದಕ್ಕೆ ಬಾಗಿಲಾಗಿತ್ತು ಎಂದು ಯೋಚಿಸುವ ಪ್ರಮೇಯ ಬರುವುದಿಲ್ಲ. ಅಲ್ಲೇ ಕರುವಿನಕಟ್ಟೆ ಎಂಬ ಜಾಗವೂ ಇದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಊರು ಕಟ್ಟುವಾಗ ಊರ ಮುಂದೆ ನೆಡುವ ಕಲ್ಲಿಗೆ ಕರುವುಗಲ್ಲು ಎನ್ನುತ್ತಾರೆ. ಮದುವೆಯ ಮೆರವಣಿಗೆ ಅಲ್ಲಿ ನಿಲ್ಲುತ್ತದೆ, ಹಬ್ಬದಲ್ಲಿ ದನಗಳನ್ನು ಅದರ ಸುತ್ತ ಹಾಯಿಸುತ್ತಾರೆ. ಅಕ್ಷರವಿಲ್ಲ, ಕೆತ್ತನೆಯಿಲ್ಲ, ಬರಿಯ ಒರಟು ಕಲ್ಲು, ಮೇಲೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ. ಇದನ್ನು ಹತ್ತಿರದಿಂದ ತೆಗೆದರೆ ಏನೂ ಸಿಗುವುದಿಲ್ಲ. ಅದು ಊರಿನ ಯಾವ ದಾರಿಗೆ ಎದುರಾಗಿದೆ, ಅಲ್ಲಿಂದ ನೋಡಿದರೆ ಮೊದಲ ಮನೆ ಯಾವುದು ಎಂಬುದು ಕಾಣುವಂತೆ ತೆಗೆದರೆ ಊರು ಯಾವ ಕಡೆಯಿಂದ ಬೆಳೆಯಿತು ಎಂಬುದೇ ಚಿತ್ರದಲ್ಲಿ ಬರುತ್ತದೆ.

ವೀರಗಲ್ಲುಗಳ ವಿಷಯ ಬೇರೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಬಹಳ ಕಡೆ ಕೆಳಗಿನ ಪಟ್ಟಿಕೆ ಮಣ್ಣಿನಲ್ಲಿ ಹೂತಿರುವುದರಿಂದ ಆ ವೀರ ಯಾವುದಕ್ಕಾಗಿ ಹೋರಾಡಿದ, ತುರುಗಳಿಗೋ ಊರಿಗೋ, ಎಂಬುದೇ ಕಾಣುವುದಿಲ್ಲ. ಹಾಗೆಂದು ನಾವು ಅಗೆಯಬಾರದು. ಹೂತಿರುವಷ್ಟೂ ಹೂತಿದೆ ಎಂದು ಬರೆದುಕೊಂಡು ಹಾಗೆಯೇ ತೆಗೆಯಬೇಕು. ನಡುಮಧ್ಯಾಹ್ನ ತೆಗೆದರೆ ಸವೆದ ಕೆತ್ತನೆ ಕಲ್ಲಿನಲ್ಲೇ ಕರಗಿಹೋಗುತ್ತದೆ. ಬಿಸಿಲು ಪಕ್ಕದಿಂದ ಸವರಿಕೊಂಡು ಹೋಗುವ ಮುಂಜಾನೆ ಅಥವಾ ಇಳಿಹೊತ್ತಿನಲ್ಲಿ ಅದೇ ಕಲ್ಲಿನ ಕುದುರೆ, ಕತ್ತಿ, ಬಳೆ ಎಲ್ಲವೂ ಎದ್ದುಬರುತ್ತವೆ. ಮರದ ನೆರಳಿನಲ್ಲಿರುವ ಕಲ್ಲುಗಳಿಗಾಗಿ ನಾನು ಚೀಲದಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡಿರುತ್ತೇನೆ. ಬಿಸಿಲಿರುವ ಕಡೆ ಯಾರಾದರೂ ಹುಡುಗರನ್ನು ನಿಲ್ಲಿಸಿ, ಕನ್ನಡಿಯ ಬೆಳಕನ್ನು ಕಲ್ಲಿನ ಒಂದು ಪಕ್ಕದಿಂದ ಬೀಳಿಸಿದರೆ ಸಾಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು, ಬಣ್ಣ ಕೆರೆಯುವುದು ಮಾತ್ರ ಬೇಡವೇ ಬೇಡ. ಶಾಸನ ಓದುವ ವಿದ್ವಾಂಸರು ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯುತ್ತಾರೆ, ಅದು ಕಲಿತವರ ಕೆಲಸ. ನಮ್ಮ ಕೆಲಸ ಬೆಳಕಿಗೆ ಕಾಯುವುದು. ಪೂಜೆ ನಡೆಯುವ ಕಲ್ಲಾದರೆ ಕಟ್ಟೆ ಹತ್ತುವ ಮೊದಲು ಚಪ್ಪಲಿ ಬಿಟ್ಟು, ಅಲ್ಲಿರುವವರನ್ನು ಒಂದು ಮಾತು ಕೇಳಬೇಕು.

ಹೊಲಗಳ ನಡುವೆ ಒಮ್ಮೊಮ್ಮೆ ಲಿಂಗಮುದ್ರೆಯ ಕಲ್ಲುಗಳು ಸಿಗುತ್ತವೆ. ಶಿವಾಲಯಕ್ಕೆ ದತ್ತಿಬಿಟ್ಟ ಭೂಮಿಯ ಎಲ್ಲೆಗೆ ನೆಟ್ಟ ಗುರುತುಗಳು ಅವು. ವಿಷ್ಣುವಿನ ಗುಡಿಗೋ ಬ್ರಾಹ್ಮಣರಿಗೋ ಬಿಟ್ಟ ಭೂಮಿಗೆ ವಾಮನಮುದ್ರೆಯ ಕಲ್ಲು. ಎಲ್ಲೆಕಲ್ಲಿಗೆ ಎಲ್ಲೆಯಿಂದಲೇ ಅರ್ಥ. ಯಾರೋ ಭಕ್ತಿಯಿಂದಲೇ ಅದನ್ನು ಎತ್ತಿಕೊಂಡು ಬಂದು ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಆದರೆ ಅದು ಕಾಯುತ್ತಿದ್ದ ಗೆರೆ ಹೋಗುತ್ತದೆ. ಇದನ್ನು ಬಹಳ ಹಿಂದೆಯೇ ಅರಿತವರು ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿ ಸಂಗ್ರಹಿಸಿದ ಬಿ.ಎಲ್. ರೈಸ್. ಅವರು ಹೊರತಂದ ಶಾಸನಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟ ನಮ್ಮ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಇವೆ. ಶಾಸನದ ಪಾಠ ಶುರುವಾಗುವ ಮೊದಲು ಆ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಬಳಿ ಇದೆ ಎಂದು ಒಂದು ಸಾಲಿನಲ್ಲಿ ಹೇಳುವ ಕ್ರಮ ಅಲ್ಲಿದೆ. ಕಲ್ಲು ಕಳೆದುಹೋದ ಊರುಗಳಲ್ಲೂ ಆ ಒಂದು ಸಾಲು ಹಿಡಿದುಕೊಂಡು ಹೋಗಿ ಹುಡುಕಬಹುದು. ನನ್ನ ನೋಟ್‌ಬುಕ್ಕಿನ ಕ್ರಮಕ್ಕೆ ಮಾದರಿ ಅದೇ.

ಅದೇ ರೈಸ್ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಲೋಕಕ್ಕೆ ತೋರಿಸಿದವರು. ಬ್ರಹ್ಮಗಿರಿಯ ಬಂಡೆಗೆ ಊರಿನವರು ಅಕ್ಷರಗುಂಡು ಎನ್ನುತ್ತಿದ್ದರು. ಓದಲು ಬಾರದಿದ್ದರೂ ಅದರಲ್ಲಿರುವುದು ಅಕ್ಷರ ಎಂಬುದನ್ನು ಗುರುತಿಸಿ ಹೆಸರಿಟ್ಟವರು ಅಲ್ಲಿನ ಜನ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಬರೆದ ಚಪಡ ಎಂಬಾತ ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಲ್ಲಿಗೆ ಹೋದವರು ಬಂಡೆಯ ಅಕ್ಷರಗಳ ಜೊತೆಗೆ, ಹಿಂದಕ್ಕೆ ಸರಿದು, ಸುತ್ತಲಿನ ಗುಂಡುಕಲ್ಲಿನ ಗುಡ್ಡವನ್ನೂ ಕೆಳಗಿನ ಬಯಲನ್ನೂ ಸೇರಿಸಿ ಒಂದು ಚಿತ್ರ ತೆಗೆಯಬೇಕೆಂದು ನನ್ನ ಆಸೆ. ಸಾಮ್ರಾಟನ ಮಾತನ್ನು ಕೆತ್ತಲು ಇಷ್ಟು ಬಂಡೆಗಳ ನಡುವೆ ಇದೇ ಬಂಡೆಯನ್ನು ಆರಿಸಿದ್ದೇಕೆ ಎಂಬ ಪ್ರಶ್ನೆ ಆ ದೂರದ ಚಿತ್ರದಲ್ಲಿ ಮಾತ್ರ ಹುಟ್ಟುತ್ತದೆ.

ವಾಣಿವಿಲಾಸ ಸಾಗರದ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಆಗ ಮೂರು ಜಿಲ್ಲೆಯ ಜನ ಹಿರಿಯೂರಿನ ದಾರಿ ಹಿಡಿದಿದ್ದರು, ನಾನೂ ಹೋಗಿದ್ದೆ. ಕೋಡಿಯ ನೀರನ್ನು ತೆಗೆಯುವವರು ಸಾಕಷ್ಟಿದ್ದರು. ನಾನು ನೀರಿನ ಮಟ್ಟದ ಅಡಿಗಳನ್ನು ಬರೆದ ಗುರುತುಗಳನ್ನು ತೆಗೆದೆ. 130 ಅಡಿಗೆ ತುಂಬುವ ಜಲಾಶಯ ಅದು, "ಈಗ ಎಷ್ಟು ಅಡಿ ಐತೆ?" ಎಂಬುದು ಹಿರಿಯೂರಿನವರ ಕುಶಲಪ್ರಶ್ನೆ. ಬರದ ವರ್ಷದಲ್ಲಿ ನಾನು ತೆಗೆದಿದ್ದ, ಅರ್ಧಕ್ಕಿಂತ ಹೆಚ್ಚು ಒಣಕಲ್ಲು ಕಾಣುವ ಹಳೆಯ ಚಿತ್ರವನ್ನು ಇದರ ಪಕ್ಕ ಇಟ್ಟರೆ ಮಾತೇ ಬೇಕಾಗುವುದಿಲ್ಲ. ಎರಡನ್ನೂ ಒಂದೇ ಜಾಗದಲ್ಲಿ ನಿಂತು ತೆಗೆದಿದ್ದರಿಂದ ಇದು ಸಾಧ್ಯವಾಯಿತು.

ದಾವಣಗೆರೆ ನಗರದೊಳಗೆ ಗುರುತುಗಳ ರೀತಿಯೇ ಬೇರೆ. ಇಲ್ಲಿ ವಿಳಾಸ ಹೇಳುವಾಗ ಯಾರೂ ಮನೆ ನಂಬರು ಹೇಳುವುದಿಲ್ಲ. ಅರುಣಾ ಟಾಕೀಸ್ ಹತ್ತಿರ ಬಂದು ಫೋನ್ ಮಾಡಿ, ಅಶೋಕ ಟಾಕೀಸ್ ಗೇಟು ದಾಟಿ ಬನ್ನಿ, ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಇಳಿಯಿರಿ, ಹೊಂಡದ ಸರ್ಕಲ್ಲಿನಿಂದ ಎಡಕ್ಕೆ ತಿರುಗಿ ಎನ್ನುತ್ತೇವೆ. ಆ ಟಾಕೀಸಿನಲ್ಲಿ ಒಂದೂ ಸಿನಿಮಾ ನೋಡದ ಮಕ್ಕಳಿಗೂ ಆ ಹೆಸರಿನಿಂದಲೇ ದಾರಿ ಗೊತ್ತು. ಹೆಸರಿನ ಚಿತ್ರ ತೆಗೆಯುವುದು ಕಷ್ಟ. ಅದು ಸಿಗುವುದು ಆಟೋ ನಿಲ್ದಾಣದ ಬೋರ್ಡಿನಲ್ಲಿ, ಬೆಣ್ಣೆದೋಸೆ ಹೋಟೆಲಿನ ಬಿಲ್ಲಿನ ಮೇಲಿನ ವಿಳಾಸದಲ್ಲಿ, ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಬರೆದ ದಾರಿಯ ನಕ್ಷೆಯಲ್ಲಿ. ಹತ್ತಿಗಿರಣಿಗಳಿಂದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಈ ಊರಿನಲ್ಲಿ ಸೈರನ್ ಕೂಗಿದಾಗ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ತಲೆಮಾರಿನವರು ಇನ್ನೂ ಇದ್ದಾರೆ. ಅವರು ಮಿಲ್ಲಿನ ಹೆಸರಿನಿಂದ ಕರೆಯುವ ಜಾಗಗಳನ್ನು ಹುಡುಕಿ, ಈಗ ಅಲ್ಲಿ ಏನಿದೆಯೋ ಅದನ್ನೇ ತೆಗೆದು, ಕೆಳಗೆ ಅವರು ಹೇಳುವ ಹೆಸರನ್ನೇ ಬರೆಯುತ್ತಿದ್ದೇನೆ.

ಚಿತ್ರಗಳನ್ನು ಇಟ್ಟುಕೊಳ್ಳುವ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಇದರಲ್ಲಿ ನಾನು ನಷ್ಟ ಅನುಭವಿಸಿದ್ದೇನೆ. ಒಮ್ಮೆ ರಿಪೇರಿಗೆ ಕೊಟ್ಟ ಫೋನು ಎಲ್ಲವನ್ನೂ ಅಳಿಸಿಕೊಂಡು ವಾಪಸ್ ಬಂತು. ಸುಮಾರು ಮೂರು ವರ್ಷದ ಚಿತ್ರಗಳು ಅದರಲ್ಲೇ ಇದ್ದವು, ಬೇರೆಡೆ ನಕಲು ಮಾಡಿಟ್ಟಿರಲಿಲ್ಲ. ಕೆಲವನ್ನು ವಾಟ್ಸ್‌ಆ್ಯಪ್‌ನಲ್ಲಿ ಸ್ನೇಹಿತೆಯರಿಗೆ ಕಳಿಸಿದ್ದೆ, ಅವರಿಂದ ಮರಳಿ ತರಿಸಿಕೊಂಡೆ. ಆದರೆ ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವುದಲ್ಲದೆ ಅದರೊಳಗೆ ಅಡಗಿರುವ ತೆಗೆದ ತಾರೀಖು, ಸ್ಥಳದ ವಿವರಗಳನ್ನೂ ತೆಗೆದುಹಾಕುತ್ತದೆ. ಯಾವ ಊರಿನ ಕಲ್ಲು, ಯಾವಾಗ ತೆಗೆದದ್ದು ಎಂಬುದು ಚಿತ್ರದಿಂದ ತಿಳಿಯುವಂತಿರಲಿಲ್ಲ. ಆಗ ಕೈಹಿಡಿದದ್ದು ನೋಟ್‌ಬುಕ್ಕು. ಒಂದೊಂದೇ ನಮೂದು ನೋಡಿಕೊಂಡು ಮತ್ತೆ ಅದೇ ಊರುಗಳಿಗೆ ಹೋಗಿ ತೆಗೆಯುತ್ತಿದ್ದೇನೆ. ಕೆಲವು ವಸ್ತುಗಳು ಈಗ ಅಲ್ಲಿಲ್ಲ. ಅಂಥ ಕಡೆ ಬರಿದಾದ ಜಾಗದ ಚಿತ್ರವನ್ನೇ ತೆಗೆದು, ಹಳೆಯ ನಮೂದಿನ ಎದುರಿಗೆ ತಾರೀಖು ಹಾಕಿದ್ದೇನೆ. ಇಂಥ ಚಿತ್ರಗಳನ್ನು ಎಲ್ಲರಿಗೂ ಸಿಗುವಂತೆ ವಿಕಿಮೀಡಿಯಾ ಕಾಮನ್ಸ್ ಎಂಬ ಅಂತರ್ಜಾಲದ ಮುಕ್ತ ಚಿತ್ರಭಂಡಾರಕ್ಕೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಗಳ, ಕಟ್ಟಡಗಳ ಫೋಟೊ ತೆಗೆಯಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಹೊಲದಲ್ಲಿ ಒಂಟಿಯಾಗಿರುವ ವೀರಗಲ್ಲಿನ ನಿಖರ ಜಾಗವನ್ನು ಮಾತ್ರ ನಾನು ಬಹಿರಂಗವಾಗಿ ಹಾಕುವುದಿಲ್ಲ, ಕದ್ದೊಯ್ಯುವವರಿಗೆ ಅದು ದಾರಿ ತೋರಿಸಿದಂತಾಗುತ್ತದೆ.

ಕಳೆದ ತಿಂಗಳು ತವರಿಗೆ ಹೋದಾಗ ಈ ಎಲ್ಲ ಚಿತ್ರಗಳನ್ನು ಅವ್ವನಿಗೆ ತೋರಿಸುತ್ತಿದ್ದೆ. ಬೇರೊಂದು ಊರಿನ ಬೋರಿಂಗಿನ ದೂರದ ಚಿತ್ರ ಬಂದಾಗ ಅವಳು ತಡೆದು, ಬೋರಿಂಗಿನ ಪಕ್ಕದ ಬಾನಿಯನ್ನು ತೋರಿಸಿ, "ನಮ್ಮ ಬಾನಿ ಎಲ್ಲೂ ಹೋಗಿಲ್ಲ ಕಣೇ, ಬಸ್‌ಸ್ಟ್ಯಾಂಡಿನ ಹಿಂದೆ ಬೋರಲಾಗಿ ಬಿದ್ದೈತೆ. ಹುಡುಗ್ರು ಮ್ಯಾಲೆ ಕುಂತ್ಕಂತಾರೆ" ಎಂದಳು. ಸಂಜೆ ಇಬ್ಬರೂ ನಡೆದುಕೊಂಡು ಹೋದೆವು. ತಂಗುದಾಣದ ಹಿಂದೆ, ಜಾಲಿಯ ಗಿಡದ ಮರೆಯಲ್ಲಿ, ನಿಜವಾಗಿಯೂ ಅದು ಮಗುಚಿಕೊಂಡು ಬಿದ್ದಿತ್ತು. ತಂಗುದಾಣ, ಹೊಸ ರಸ್ತೆ, ಅದರಾಚೆ ಬೇವಿನ ಮರವಿದ್ದ ಜಾಗ, ಮೂರೂ ಬರುವಂತೆ ದೂರದಿಂದ ಒಂದು ತೆಗೆದೆ, ಬಾನಿ ಪೂರ್ತಿ ಬರುವಂತೆ ಇನ್ನೊಂದು. ಮೂರನೆಯದಕ್ಕೆ ಹತ್ತಿರ ಹೋಗಿ ಬೆಂಕಿಪೊಟ್ಟಣ ಹುಡುಕುತ್ತಿದ್ದಾಗ ಅವ್ವ ಬಗ್ಗಿ ಅಂಚಿನ ಕೆಳಗೆ ಕೈಹಾಕಿ, ಕೊಡ ಒರಗಿಸಿ ಒರಗಿಸಿ ಸವೆದ ಒಂದು ತಗ್ಗನ್ನು ಬೆರಳಿನಿಂದ ತಡವಿ ಹುಡುಕಿದಳು. "ಇಲ್ಲೈತೆ ನೋಡು" ಎಂದಳು. ಅವಳ ಬೆರಳು ಆ ತಗ್ಗಿನಲ್ಲಿ ಇರುವಂತೆಯೇ ಚಿತ್ರ ತೆಗೆದೆ.